ಗಟ್ಟಿಮೇಳಕ್ಕೆ ಒಂದೂವರೆ ಉಸಿರು ಮೊದಲು

ಶ್ರೀ ಮಂಗಳಾಂಬಾ ಕಲ್ಯಾಣ ಮಂದಿರ
ಚಾಮರಾಜಪೇಟೆ
೨ ಜೂನ್ ೨೦೨೫

ಶ್ರೀ ನರಸಿಂಹಯ್ಯನವರಿಗೆ, ಓಕಳಿಪುರಂ

ಮಾನ್ಯರೇ,

ನಮ್ಮ ಛತ್ರದ ಮುಂಭಾಗದ ಕಮಾನುಗಳ ಕೆಳಗೆ, ಸೂರಿಗೆ ಅಂಟಿಸಿದಂತೆ, ಸುಮಾರು ನಲವತ್ತು ಗೂಡುಗಳಿವೆ. ಅವುಗಳಲ್ಲಿ ವಾಸಿಸುತ್ತಿರುವುದು ಬಾವಲಿಗಳೆಂದು ಆಡಳಿತ ಮಂಡಳಿಯ ಅಧ್ಯಕ್ಷೆ ಶೈಲಜಮ್ಮನವರೂ, ಹಕ್ಕಿಗಳೆಂದು ಗೌರವ ಕಾರ್ಯದರ್ಶಿಯಾದ ನಾನೂ ಅಭಿಪ್ರಾಯಪಟ್ಟಿದ್ದೇವೆ. ಬಾವಲಿ ಇರುವ ಛತ್ರದಲ್ಲಿ ಮದುವೆ ಮಾಡಲು ಜನ ಹಿಂಜರಿಯುತ್ತಿದ್ದಾರೆ. ಆಷಾಢದಲ್ಲಿ ಮದುವೆಗಳಿಲ್ಲದಾಗ ಸುಣ್ಣ ಬಣ್ಣ ಮಾಡಿಸುವುದು ನಮ್ಮ ವಾಡಿಕೆ. ಅದರಂತೆ ಜುಲೈ ೧೪ರಂದು ಬಣ್ಣದವರು ಬಂದು, ಮೊದಲ ಕೆಲಸವಾಗಿ ಗೂಡುಗಳನ್ನು ಕೆರೆದು ಹಾಕುವುದೆಂದು ತೀರ್ಮಾನವಾಗಿದೆ. ೧೩ರ ಭಾನುವಾರದ ಸಭೆಯೊಳಗೆ ಅವು ಹಕ್ಕಿಗಳೇ ಎಂದು ಸಾಬೀತಾದರೆ ಮಾತ್ರ ಮರುಪರಿಶೀಲನೆ.

ತೊಡಕೇನೆಂದರೆ, ಇವು ಎಲ್ಲೂ ಕೂರುವುದಿಲ್ಲ. ತಂತಿಯ ಮೇಲಿಲ್ಲ, ಮರದ ಮೇಲಿಲ್ಲ. ಗೂಡಿನಿಂದ ಆಕಾಶ, ಆಕಾಶದಿಂದ ಗೂಡು. ನಡುವೆ ಕಪ್ಪಗೆ ಏನೋ ಸರ್ರೆಂದು ಹೋದಂತಾಗುತ್ತದೆ, ಅಷ್ಟೆ. ಆದ್ದರಿಂದ ಹಾರುತ್ತಿರುವಾಗಲೇ ತೆಗೆದ, ಮುಖ ಕಾಣುವ ಒಂದು ಫೋಟೋ ಬೇಕಾಗಿದೆ. ಈ ಜೀವಿಯನ್ನು ಛತ್ರದೊಳಗೆ ಹಾರುವಾಗ ತೆಗೆದ ಪೂರ್ವಾನುಭವ ಇರುವವರು ನನಗೆ ತಿಳಿದಂತೆ ನೀವೊಬ್ಬರೇ.

ಫೋನ್ ಮಾಡದೆ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ನಂಬರನ್ನು ೨೦೧೬ರಲ್ಲಿ ಬ್ಲಾಕ್ ಮಾಡಿದ್ದೆ. ತೆಗೆಯುವುದು ಹೇಗೆಂದು ಗೊತ್ತಿಲ್ಲ. ಮಗಳನ್ನು ಕೇಳಿದರೆ ಯಾರ ನಂಬರು ಎನ್ನುತ್ತಾಳೆ.

ಇಂತಿ,
ಶೀನಣ್ಣ
ಗೌರವ ಕಾರ್ಯದರ್ಶಿ


ಓಕಳಿಪುರಂ
೭ ಜೂನ್ ೨೦೨೫

ಮಾನ್ಯ ಗೌರವ ಕಾರ್ಯದರ್ಶಿಗಳಿಗೆ,

ತಮ್ಮ ಪತ್ರ ಮೂರು ಕಿಲೋಮೀಟರ್ ಬರಲು ನಾಲ್ಕು ದಿನ ತೆಗೆದುಕೊಂಡಿದೆ. ನಮ್ಮಿಬ್ಬರ ಮಟ್ಟಿಗೆ ಇದು ಎಕ್ಸ್‌ಪ್ರೆಸ್. ಅದು ಹೊರಡುವುದಕ್ಕೇ ಒಂಬತ್ತು ವರ್ಷ ಹಿಡಿದಿತ್ತು.

ಪೂರ್ವಾನುಭವದ ಮಾತು ಓದಿ ಸಂತೋಷವಾಯಿತು. ತಮ್ಮ ಕಡತವನ್ನು ಶೈಲಜಮ್ಮನವರೂ ನೋಡುವರಾದ್ದರಿಂದ, ಆ ಅನುಭವವೇನೆಂದು ದಾಖಲಿಸಿಬಿಡುತ್ತೇನೆ. ೨೦೧೬ರ ಮೇ ತಿಂಗಳು, ಅದೇ ಛತ್ರ, ತಮ್ಮ ಮಗಳು ಧೃತಿಯ ಮದುವೆ. ಫೋಟೋಗ್ರಾಫರ್ ನಾನು, ಕಾಲೇಜಿನಲ್ಲಿ ಒಂದೇ ಬೆಂಚು ಸವೆಸಿದವನು ಎಂಬ ಅರ್ಹತೆಯ ಮೇಲೆ. ಗಟ್ಟಿಮೇಳ ಮೊಳಗಿತು. ಅಂತರಪಟ ಸರಿಯಿತು. ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿದರು, ಮುನ್ನೂರು ಜನ ಅಕ್ಷತೆ ಎರಚಿದರು. ಆ ಒಂದು ಸೆಕೆಂಡಿನಲ್ಲಿ ಬಾಗಿಲಿಂದ ಒಂದು ಹಕ್ಕಿ ಒಳಗೆ ನುಗ್ಗಿತು. ನನ್ನ ಕ್ಯಾಮೆರಾ ಅದರ ಹಿಂದೆ ಹೋಯಿತು. ಹೀಗಾಗಿ ಜೀರಿಗೆ ಬೆಲ್ಲದ ಫೋಟೋ ಇಲ್ಲ. ವಿಡಿಯೋದಲ್ಲಿ ಪುರೋಹಿತರ ಬೆನ್ನು ಬಿಟ್ಟರೆ ಬೇರೇನೂ ಇಲ್ಲ. ಹೋಗಲಿ, ಹಕ್ಕಿಯಾದರೂ ಸಿಕ್ಕಿತೇ ಎಂದರೆ ಅದೂ ಒಂದು ಕಪ್ಪು ಗೀಚು. ಅಕ್ಕಿ ಬಿಟ್ಟು ಹಕ್ಕಿ ಹಿಡಿಯಲು ಹೋಗಿ ಎರಡನ್ನೂ ಕಳೆದುಕೊಂಡವನು ನಾನು. ಹಾರುವರನ್ನು ನಂಬಿದರೆ ಹೀಗೆಯೇ. (ಹಕ್ಕಿಗಳ ಮಾತು ಹೇಳುತ್ತಿದ್ದೇನೆ, ಎನ್.ಆರ್. ಕಾಲೋನಿಯಲ್ಲಿರುವ ತಾವು ಮೈಮೇಲೆ ಹಾಕಿಕೊಳ್ಳಬಾರದು.)

ಆಮೇಲೆ ಎಲೆ ಹಾಕುವ ಹೊತ್ತಿಗೆ, ಊಟದ ಮನೆಯ ಬಾಗಿಲಲ್ಲಿ, ಎರಡೂ ಕಡೆಯ ಬೀಗರೆದುರು ತಾವು ನನಗೆ ಹೇಳಿದ್ದು: "ನೀವು ಇನ್ನು ಹೊರಡಬಹುದು." ಹೊರಟೆ. ಮನೆಗೆ ಬಂದು ಬೆಳಗಿನ ಉಪ್ಪಿಟ್ಟು ತಿಂದೆ. ಇದನ್ನೂ ದಾಖಲಿಸಿದ್ದೇನೆ.

ಅಂದಿನಿಂದ ಅಲ್ಲಾಡುವ ಯಾವುದನ್ನೂ ತೆಗೆದಿಲ್ಲ. ಈಗ ನನ್ನದು ಪಾಸ್‌ಪೋರ್ಟ್ ಫೋಟೋ ಅಂಗಡಿ. ನೀಲಿ ಪರದೆ, ಒಂದು ಸ್ಟೂಲು, ಗದ್ದ ಮೇಲೆ, ನಗಬಾರದು. ಇದುವರೆಗೆ ಒಬ್ಬ ಗಿರಾಕಿಯೂ ಹಾರಿಹೋಗಿಲ್ಲ. ದೊಡ್ಡ ಕ್ಯಾಮೆರಾ ಬೀರುವಿನಲ್ಲಿ, ನನ್ನ ಹೆಂಡತಿ ಸಿದ್ದಮ್ಮನ ರೇಷ್ಮೆ ಸೀರೆಗಳ ಅಡಿಯಲ್ಲಿದೆ. ನಾನು ಬರಲಾರೆ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಂತಿ,
ನರಸಿಂಹಯ್ಯ

ಬಿಟ್ಟುಹೋದ ಮಾತು: ಅದು ಬಾವಲಿ ಅಲ್ಲ, ಬಾನಾಡಿ ಎಂಬ ಹಕ್ಕಿ. ಗಂಟಲಲ್ಲಿ ಬಿಳಿ, ಸೊಂಟದ ಮೇಲೊಂದು ಬಿಳಿ ಪಟ್ಟಿ. ಈ ತಿಂಗಳಲ್ಲಿ ಗೂಡುಗಳಲ್ಲಿ ಮರಿಗಳಿರುತ್ತವೆ. ಬಣ್ಣದವರಿಗೆ ಗೊತ್ತಿರಲಿ.


ಎನ್.ಆರ್. ಕಾಲೋನಿ
೧೨ ಜೂನ್ ೨೦೨೫

ನರಸಿಂಹಯ್ಯ,

ಇದು ಕಾರ್ಯದರ್ಶಿಯ ಪತ್ರವಲ್ಲ. ಮನೆಯಲ್ಲಿ ಕುಳಿತು ಬರೆದದ್ದು, ಕಡತಕ್ಕೆ ಹೋಗುವುದಿಲ್ಲ.

ಆ ಹಕ್ಕಿಗಳನ್ನು ಕಂಡರೆ ನನಗೂ ಆಗುತ್ತಿರಲಿಲ್ಲ. ಕಾರ್ಯದರ್ಶಿಯಾದ ಹೊಸದರಲ್ಲಿ ಕೋಲು ತೆಗೆದುಕೊಂಡು ಅಟ್ಟಿದ್ದೂ ಉಂಟು. ಆಮೇಲೆ ೨೦೨೦ ಬಂತು. ಊರಿಗೆಲ್ಲ ಬೀಗ. ವಾರಕ್ಕೊಮ್ಮೆ ಹೋಗಿ ನಲ್ಲಿ, ಮೀಟರು ನೋಡಿ ಬರುವುದು ನನ್ನ ಪಾಲಿನ ಕೆಲಸ. ಸಾವಿರ ಜನ ಉಣ್ಣುವ ಆ ಛತ್ರದಲ್ಲಿ ಸದ್ದೆಂದರೆ ಇವುಗಳದ್ದೊಂದೇ. ಅವು ಕೂರುವುದಿಲ್ಲ, ನಾನು ಕೂರುತ್ತಿದ್ದೆ. ಒಂದು ದಿನ ಹಟ ಹಿಡಿದು ಒಂದೇ ಹಕ್ಕಿಯನ್ನು ಕಣ್ಣಿನಲ್ಲಿ ಹಿಂಬಾಲಿಸಲು ನೋಡಿದೆ. ಮೂರು ಸೆಕೆಂಡಿಗೆ ಕುತ್ತಿಗೆ ಉಳುಕಿತು. ಕುತ್ತಿಗೆ ಹಿಡಿದುಕೊಂಡು ಛತ್ರದ ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು: ಇಂಥದ್ದು ಎದುರಿಗೆ ಬಂದರೆ ಕಣ್ಣಿದ್ದವನು ತಿರುಗದೆ ಇರಲು ಸಾಧ್ಯವೇ ಇಲ್ಲ.

ಹೊಳೆದು ಐದು ವರ್ಷವಾಯಿತು. ಹೊಳೆಯುವುದು ಬೇರೆ, ಇನ್‌ಲ್ಯಾಂಡ್ ಕವರು ಕೊಳ್ಳುವುದು ಬೇರೆ.

ನಿನ್ನ ಪತ್ರವನ್ನು ಗೋದಾಗೆ ತೋರಿಸಿದೆ. ಹೆಂಡತಿಗೆ ತೋರಿಸಬಾರದಿತ್ತು, ಉಪ್ಪಿಟ್ಟಿನ ಸಾಲು ಓದಿ ಅವತ್ತು ನನಗೂ ಉಪ್ಪಿಟ್ಟೇ ಮಾಡಿದಳು. ಆಮೇಲೆ ಅಂದಳು, "ಬರಲ್ಲ ಅನ್ನೋರು ಮರಿ ಇದೆ ಅಂತ ಯಾಕೆ ಬರೀತಾರೆ? ಬರ್ತಾರೆ, ಸುಮ್ನಿರಿ."

ಬೀಗದ ಕೈ ಕಾವಲಿನ ಮಹಾನಂದಳ ಹತ್ತಿರ ಇರುತ್ತದೆ. ಮಂಗಳವಾರ, ಗುರುವಾರ ನಾನು ಅತ್ತ ಕಡೆ ಹಾಯುವುದಿಲ್ಲ. ಯಾರಿಗಾದರೂ ಅನುಕೂಲವಾಗಲಿ ಎಂದು ತಿಳಿಸಿದ್ದೇನೆ.

ಶೀನಣ್ಣ


ಓಕಳಿಪುರಂ
೨೧ ಜೂನ್ ೨೦೨೫

ಶೀನಣ್ಣ,

ಇದರೊಂದಿಗೆ ಹನ್ನೆರಡು ಫೋಟೋ ಇಟ್ಟಿದ್ದೇನೆ. ಹನ್ನೊಂದರಲ್ಲಿ ಹಕ್ಕಿ ಇಲ್ಲ. ಮೊದಲನೆಯದರಲ್ಲಿ ಕಮಾನಿದೆ; ಎರಡನೆಯದರಲ್ಲಿ ಅದೇ ಕಮಾನು, ಹಕ್ಕಿ ಹೋದ ಮೇಲೆ. ಆಮೇಲಿನವು ಆಕಾಶ. ನಾಲ್ಕರಲ್ಲಿ ಮೂಲೆಯಲ್ಲೊಂದು ಬಾಲವಿದೆ, ಭೂತಗನ್ನಡಿ ಹಿಡಿದು ಹುಡುಕಬೇಕು. ಇಷ್ಟು ಶುಭ್ರವಾದ ಆಕಾಶ ಬೆಂಗಳೂರಿನಲ್ಲಿ ಉಳಿದಿದೆ ಎಂಬುದಕ್ಕೆ ಪುರಾವೆಯಾಗಿ ಬೇಕಾದರೆ ಕಡತದಲ್ಲಿಟ್ಟುಕೋ.

ನಾನು ಹೋಗಿದ್ದು ನಿನ್ನ ಪತ್ರ ನೋಡಿ ಅಲ್ಲ. ಕಳೆದ ಸೋಮವಾರ ಸಿದ್ದಮ್ಮ ಬೀರು ತೆಗೆದು, ಸೀರೆಗಳನ್ನು ಮಂಚದ ಮೇಲಿಟ್ಟು, ಕ್ಯಾಮೆರಾವನ್ನು ನನ್ನ ತೊಡೆಯ ಮೇಲಿಟ್ಟಳು. "ಊಟ ಬಿಟ್ಟು ಬಂದ್ರಿ, ಸರಿ," ಅಂದಳು. "ಕಣ್ಣು ಯಾಕೆ ಅಲ್ಲೇ ಬಿಟ್ಟು ಬಂದ್ರಿ?" ಒಂಬತ್ತು ವರ್ಷ ಈ ಮಾತನ್ನು ಸೀರೆ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳೋ ಏನೋ.

ಒಂದು ಮಂಗಳವಾರ, ಒಂದು ಗುರುವಾರ ಆಯಿತು. ಬೆರಳು ತುಕ್ಕು ಹಿಡಿದಿದೆ. ಮಹಾನಂದ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ ನೋಡುತ್ತಿರುತ್ತಾಳೆ. ಮೊನ್ನೆ ತಡೆಯಲಾರದೆ ಹೇಳಿದಳು, "ಸರ, ಹಕ್ಕಿ ಹ್ವಾದ ಮ್ಯಾಲ ಟಿಕ್ ಅಂತೈತ್ರಿ ನಿಮ್ಮ ಡಬ್ಬಿ." ವಿಮರ್ಶೆ ಎಂದರೆ ಇದು.

ಹನ್ನೆರಡನೆಯದು ನೋಡು. ಹಕ್ಕಿ ಇದೆ, ರೆಕ್ಕೆಯ ಅಂಚು ಕತ್ತಿಯಂತೆ ಬಂದಿದೆ. ಹಿಂದೆ ಬೆಳ್ಳಗಿನ ಆಕಾಶವಿದ್ದದ್ದರಿಂದ ಮೈಯೆಲ್ಲ ಕಪ್ಪು. ಆದರೂ ಸಾಕಾಗಬಹುದೇನೋ. ಶೈಲಜಮ್ಮನವರಿಗೆ ತೋರಿಸು.

ನರಸಿಂಹಯ್ಯ


ಎನ್.ಆರ್. ಕಾಲೋನಿ
೨೭ ಜೂನ್ ೨೦೨೫

ನರಸಿಂಹಯ್ಯ,

ತೋರಿಸಿದೆ. ಕೆಟ್ಟೆ.

ಶೈಲಜಮ್ಮನವರು ಹನ್ನೆರಡನೆಯ ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದರು. ಆಮೇಲೆ ಬಹಳ ಸಮಾಧಾನದಿಂದ ಕನ್ನಡಕ ಮಡಿಸಿದರು. "ಬಾವಲಿನೇ ಶೀನಣ್ಣ. ರೆಕ್ಕೆ ನೋಡಿ, ಕೊಡೆ ಮುರಿದ ಹಾಗಿದೆ. ಇಷ್ಟು ದಿನ ನನಗೂ ಒಂದು ಅನುಮಾನ ಇತ್ತು, ಈಗ ಹೋಯ್ತು." ಅಷ್ಟು ಕಷ್ಟಪಟ್ಟು ನೀನು ತೆಗೆದ ಫೋಟೋ ಈಗ ಗೂಡು ಕೆರೆಯುವ ನಿರ್ಣಯಕ್ಕೆ ಲಗತ್ತಾಗಿದೆ, ಆಧಾರ ಒಂದು ಎಂದು ನನ್ನ ಕೈಯಲ್ಲೇ ಬರೆಸಿದರು.

ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಶ್ರಾವಣದ ಎರಡು ಮದುವೆಯವರು ಕಮಾನಿನ ಕೆಳಗೆ ನಿಂತು, ಮೇಲೆ ನೋಡಿ, ಬೇರೆ ಛತ್ರಕ್ಕೆ ಹೋದರು. ಅವರ ಮಾವ ಕಟ್ಟಿಸಿದ ಛತ್ರ ಅದು. ಬಾವಲಿ ಛತ್ರ ಎಂದು ಹೆಸರಾದರೆ ಅವರಿಗೆ ನಿದ್ದೆ ಬರುತ್ತದೆಯೇ?

ಆಷಾಢ ನಿನ್ನೆ ಶುರುವಾಯಿತು. ಮೋಡ, ಗಾಳಿ. ಮೊನ್ನೆ ಒಂದು ಗೂಡಿನ ಅಂಚಿನಲ್ಲಿ ಮೂರು ಪುಟ್ಟ ಬಾಯಿಗಳು ಕಂಡವು. ನಾನು ಕೋಲಿನಲ್ಲಿ ಅಟ್ಟಿದ್ದು ಇವುಗಳ ಅಜ್ಜಂದಿರನ್ನು ಇರಬೇಕು.

ಮುಖಕ್ಕೆ ಬೆಳಕು ಹಾಕಲಾಗದೇ? ಮದುವೆಗಳಲ್ಲಿ ಫ್ಲ್ಯಾಶ್ ಹಾಕಿ ನಮ್ಮ ಕಣ್ಣು ಕುರುಡು ಮಾಡುತ್ತಿದ್ದೆಯಲ್ಲ. ಇನ್ನು ಹದಿನೈದು ದಿನ ಉಳಿದಿದೆ. ಆಗದಿದ್ದರೆ ಆಗದು ಎಂದು ಬರೆದುಬಿಡು, ನಾನೇನೂ ಅನ್ನುವುದಿಲ್ಲ. ಒಮ್ಮೆ ಅಂದದ್ದೇ ಸಾಕಾಗಿದೆ.

ಶೀನಣ್ಣ


ಓಕಳಿಪುರಂ
೩ ಜುಲೈ ೨೦೨೫

ಶೀನಣ್ಣ,

ಮರಿಗಳಿರುವ ಗೂಡಿನ ಮುಂದೆ ಫ್ಲ್ಯಾಶ್ ಹೊಡೆಯುವುದಿಲ್ಲ. ತಾಯಿ ಬೆದರಿ ವಾಪಸ್ ಹೋದರೆ ಬಣ್ಣದವರಿಗೂ ನನಗೂ ವ್ಯತ್ಯಾಸವೇನು? ಬೆಳಕು ಕೆಳಗಿನಿಂದ ಬರಬೇಕು. ಬೆಳಿಗ್ಗೆ ಎಂಟೂವರೆಯ ಬಿಸಿಲು ನೇರವಾಗಿ ನಿಮ್ಮ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಅಲ್ಲಿ ಒಂದು ದೊಡ್ಡ ಬಿಳಿ ಬಟ್ಟೆ ಹಾಸಿದರೆ ಬೆಳಕು ಪುಟಿದು ಹಕ್ಕಿಯ ಗಂಟಲಿಗೆ ತಾಕುತ್ತದೆ.

ಅದು ಅರ್ಧ ಕೆಲಸ. ಇನ್ನರ್ಧಕ್ಕೆ ಒಂದು ಗುಟ್ಟು ಹೇಳಬೇಕು. ಮೂವತ್ತು ವರ್ಷ ಜೀರಿಗೆ ಬೆಲ್ಲ ತೆಗೆದೆನಲ್ಲ, ಒಂದು ಸಲವೂ ನಾನು ಹುಡುಗ ಹುಡುಗಿಯನ್ನು ನೋಡುತ್ತಿರಲಿಲ್ಲ. ಡೋಲಿನವನ ಮಣಿಕಟ್ಟು ನೋಡುತ್ತಿದ್ದೆ. ಪುರೋಹಿತರು ಕೈಯೆತ್ತಿದ ಕೂಡಲೇ ಅವನು ಒಂದು ಉಸಿರು ಎಳೆದುಕೊಳ್ಳುತ್ತಾನೆ. ಅಲ್ಲಿಂದ ಎಣಿಸಿ ಒತ್ತಬೇಕು. ಗಟ್ಟಿಮೇಳ ಕಿವಿಗೆ ಬೀಳುವವರೆಗೆ ಕಾದವನಿಗೆ ಸಿಗುವುದು ಬರೀ ಬೆಲ್ಲ ಮೆತ್ತಿದ ಕೂದಲು.

ನಿಮ್ಮ ಬಾನಾಡಿಗಳಿಗೂ ಒಂದು ಲಗ್ನವಿದೆ. ಬೀದಿಯ ಮೇಲೆ ಗುಂಪಾಗಿ ಸುತ್ತುತ್ತವೆ, ತುದಿಯ ನೀರಿನ ಟ್ಯಾಂಕಿನ ಹತ್ತಿರ ಒಂದು ಹಕ್ಕಿ ಬೇರೆಯಾಗಿ ತಿರುಗುತ್ತದೆ, ಅಲ್ಲಿಂದ ಗೇಟಿನ ಮೇಲೆ ಹಾದು ಮೂರನೇ ಕಮಾನಿಗೆ ಒಂದೂವರೆ ಉಸಿರು. ಯಾವಾಗಲೂ ಅದೇ ದಾರಿ. ನಾನು ಕ್ಯಾಮೆರಾವನ್ನು ಆ ಕಮಾನಿಗೆ ನೆಟ್ಟು ಕೂರುತ್ತೇನೆ. ಆದರೆ ಒಳಗೆ ಕೂತವನಿಗೆ ಟ್ಯಾಂಕು ಕಾಣುವುದಿಲ್ಲ. ಗೇಟಿನಲ್ಲಿ ನಿಂತು, ಹಕ್ಕಿ ತಿರುಗಿದ ಕ್ಷಣಕ್ಕೆ ಕೂಗುವವರು ಒಬ್ಬರು ಬೇಕು. ಮಹಾನಂದಳನ್ನು ನಿಲ್ಲಿಸಿ ನೋಡಿದೆ; ಅವಳಿಗೆ ನಗು ಬರುತ್ತದೆ, ನಕ್ಕು ಮುಗಿಯುವಷ್ಟರಲ್ಲಿ ಹಕ್ಕಿ ಮಕ್ಕಳಿಗೆ ಊಟ ಹಾಕಿ ವಾಪಸ್ ಹೋಗಿರುತ್ತದೆ.

ನಿಮ್ಮ ಕಮಿಟಿಯಲ್ಲಿ ದೂರದೃಷ್ಟಿ ಚೆನ್ನಾಗಿರುವವರು, ಗಂಟಲು ದೊಡ್ಡದಿರುವವರು ಯಾರಾದರೂ ಇದ್ದಾರೆಯೇ? ಹೊಸಬರಿಗಿಂತ ಪರಿಚಯದವರಾದರೆ ವಾಸಿ. ಬುಧವಾರ, ೯ನೇ ತಾರೀಖು, ಬೆಳಿಗ್ಗೆ ಎಂಟೂವರೆ. ಬಿಸಿಲು ಬಂದರೆ.

ನರಸಿಂಹಯ್ಯ


ಎನ್.ಆರ್. ಕಾಲೋನಿ
೧೦ ಜುಲೈ ೨೦೨೫

ಸಿದ್ದಮ್ಮನವರಿಗೆ ಗೋದಾ ಮಾಡುವ ನಮಸ್ಕಾರ.

ನಿನ್ನೆ ನಡೆದದ್ದನ್ನು ನಿಮ್ಮ ಯಜಮಾನರು ಮನೆಯಲ್ಲಿ ಹೇಳಿರುವುದಿಲ್ಲ. ನಮ್ಮವರೂ ಹೇಳಲಿಲ್ಲ. ನಾನು ಹಿಂದೆಯೇ ಹೋಗಿದ್ದೆನಾದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಕಾಫಿ ಫ್ಲಾಸ್ಕ್ ನೆಪ.

ಇಬ್ಬರೂ ನಮಸ್ಕಾರ ಕೂಡ ಮಾಡಲಿಲ್ಲ. ನಮ್ಮವರು ಮೆಟ್ಟಿಲ ಮೇಲೆ ಪಂಚೆ ಹಾಸತೊಡಗಿದರು. ನಿಮ್ಮವರು ಕ್ಯಾಮೆರಾದಿಂದ ತಲೆ ಎತ್ತದೆ, "ಸ್ವಲ್ಪ ಎಡಕ್ಕೆ" ಎಂದರು. ಒಂಬತ್ತು ವರ್ಷದ ಮೇಲೆ ಮೊದಲ ಮಾತು ಅದು. ನಾಲ್ಕು ಪಂಚೆ ಹಾಸಿದರೂ ಒಂದು ಮೂಲೆ ಉಳಿಯಿತು. ನಮ್ಮವರು ಚೀಲದಿಂದ ಇನ್ನೊಂದು ಬಟ್ಟೆ ತೆಗೆದರು. ಧೃತಿಯ ಮದುವೆಯ ಅಂತರಪಟ. ಅದು ಚೀಲದಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ನಿಮ್ಮವರು ಅದರ ಅರಿಸಿನದ ಅಂಚು ನೋಡಿದರು. ತಾವೇ ಎದ್ದು ಬಂದು ಸುಕ್ಕು ನೇರ ಮಾಡಿದರು.

ಆಮೇಲೆ ನಮ್ಮವರು ಗೇಟಿನಲ್ಲಿ ನಿಂತು ಎರಡೂ ಕೈಯೆತ್ತಿ ಕೂಗಲು ಶುರು ಮಾಡಿದರು: ಗಟ್ಟಿಮೇಳ, ಗಟ್ಟಿಮೇಳ. ಎದುರು ಮನೆಯವರು ಹೊರಗೆ ಬಂದು, ಆಷಾಢದಲ್ಲಿ ಯಾರದ್ರೀ ಮದುವೆ ಎಂದು ಕೇಳಿದರು. ಕೂಗು ಬೇಗವಾಯಿತೆಂದು ನಿಮ್ಮವರು, ಬೆರಳು ನಿಧಾನವಾಯಿತೆಂದು ನಮ್ಮವರು. ಕಾಲೇಜಿನಲ್ಲೂ ಹೀಗೇ ಇದ್ದರಂತೆ. ಎರಡು ಗಂಟೆ ಮೋಡ. ನಾನು ಎದ್ದು ಹೊರಡೋಣ ಎನ್ನುವಾಗ ಬಿಸಿಲು ಬಂತು; ನಾಲ್ಕೇ ನಿಮಿಷ. ಪಂಚೆಯೆಲ್ಲ ಹೊಳೆದು ಕಮಾನಿನ ಒಳಮೈ ಬೆಳಗಾಯಿತು. ಇವರು ಕೂಗಿದರು, ಅಲ್ಲಿ ಟಿಕ್ ಎಂದಿತು, ನನ್ನ ಕಿವಿಯ ಪಕ್ಕ ಗಾಳಿ ಹೋಯಿತು.

ನಿಮ್ಮವರು ಕ್ಯಾಮೆರಾದ ಹಿಂಬದಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತರು. ನಮ್ಮವರು ಗೇಟಿನಿಂದಲೇ ಕೇಳಿದರು, "ಬಂತಾ?"

"ಬಂತು ಕಣೋ," ಅಂದರು.

ಅಷ್ಟೇ. ಕಾಫಿ ಕೊಟ್ಟೆ, ಕುಡಿದರು. ತಿಂಡಿಗೆ ಮನೆಗೆ ಬನ್ನಿ ಎಂದೆ, ಅಂಗಡಿ ತೆಗೆಯಬೇಕು ಎಂದು ಹೊರಟುಹೋದರು. ನಮ್ಮವರು ಕರೆಯಲು ಬಾಯಿ ತೆರೆದರು. ಎರಡು ಗಂಟೆ ಕೂಗಿ ಧ್ವನಿ 'ಕುಯ್' ಎಂದೂ ಹೊರಡಲಿಲ್ಲ.

ನಿಮ್ಮ,
ಗೋದಾ


ಎನ್.ಆರ್. ಕಾಲೋನಿ
೧೪ ಜುಲೈ ೨೦೨೫

ನರಸಿಂಹ,

ಧ್ವನಿ ಇನ್ನೂ ಪೂರ್ತಿ ಬಂದಿಲ್ಲ. ನಿನ್ನೆಯ ಸಭೆಯಲ್ಲಿ ಅದರಿಂದ ಒಳ್ಳೆಯದೇ ಆಯಿತು. ವಾದ ಮಾಡಲಾಗದೆ ಫೋಟೋವನ್ನು ಸುಮ್ಮನೆ ಮೇಜಿನ ಮೇಲಿಟ್ಟೆ.

ಶೈಲಜಮ್ಮನವರು ಪಂಚಾಂಗ ನೋಡುವ ಭೂತಗನ್ನಡಿ ತರಿಸಿದರು. ಕಣ್ಣು ನೋಡಿದರು, ಕೊಕ್ಕು ನೋಡಿದರು. ಬಿಳಿ ಗಂಟಲ ಹತ್ತಿರ ನಿಂತರು. "ಗಂಟಲು ಯಾಕೆ ಹೀಗೆ ಉಬ್ಬಿದೆ?" ಎಂದರು. ಹುಳ ಹಿಡಿದು ಉಂಡೆ ಕಟ್ಟಿ ಮರಿಗಳಿಗೆ ತರುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಓದಿ ಚೀಟಿಯನ್ನು ಫೋಟೋದ ಪಕ್ಕಕ್ಕಿಟ್ಟರು. ಆಮೇಲೆ ನಿರ್ಣಯದಿಂದ ಆಧಾರ ಒಂದನ್ನು ಕಿತ್ತು ನನಗೆ ವಾಪಸ್ ಕೊಟ್ಟರು.

"ಕಮಾನು ಬಿಟ್ಟು ಮಿಕ್ಕಿದ್ದಕ್ಕೆ ಬಣ್ಣ ಹೊಡೀಲಿ. ಕೆಳಗೊಂದು ಹಲಗೆ ಕಟ್ಟಿಸಿ, ಮದುಮಗಳ ತಲೆ ಮೇಲೆ ಬೀಳಬಾರದು. ಈ ಫೋಟೋಗೆ ಕಟ್ಟು ಹಾಕಿಸಿ ಆಫೀಸಲ್ಲಿ ತೂಗುಹಾಕಿ. ಬಾವಲಿ ಅನ್ನೋರಿಗೆ ನಾನೇ ತೋರಿಸ್ತೀನಿ."

ಇವತ್ತು ಬೆಳಿಗ್ಗೆ ಬಣ್ಣದವರು ಬಂದರು. ಹಿತ್ತಿಲ ಗೋಡೆಯಿಂದ ಶುರು ಮಾಡಿದ್ದಾರೆ.

ಈಗ ನನ್ನ ಸ್ವಂತ ಸಮಾಚಾರ. ಧೃತಿ ಮಲ್ಲೇಶ್ವರದಿಂದ ಬಂದಿದ್ದಳು. ಫೋನು ಕೊಟ್ಟು ಬ್ಲಾಕ್ ತೆಗೆಸಿದೆ. ಯಾರ ನಂಬರು ಎಂದು ನೋಡಿದಳು. ಜೀರಿಗೆ ಬೆಲ್ಲದ ಫೋಟೋ ಇಲ್ಲದಂತೆ ಮಾಡಿದನಲ್ಲ, ನಿನಗೆಷ್ಟು ಬೇಜಾರಾಗಿತ್ತೋ ಎಂದು ಕೋಪ ಬಂದಿತ್ತು, ಅಂದೆ. ಅವಳು ಹೇಳಿದ್ದು ಇಷ್ಟು: "ಫೋಟೋ ಇಲ್ಲ ಅಂತ ನನಗೆ ಯಾವತ್ತೂ ಬೇಜಾರಾಗಿಲ್ಲಪ್ಪ. ನರಸಿಂಹ ಮಾಮ ಊಟ ಮಾಡ್ದೇ ಹೋದ್ರಲ್ಲ, ಅದು ಬೇಜಾರು."

ಒಂಬತ್ತು ವರ್ಷ ಅವಳ ಪರವಾಗಿ ಸಿಟ್ಟು ಮಾಡಿಕೊಂಡು ಕೂತಿದ್ದೆ ನಾನು. ಅವಳು ನನ್ನ ಪರವಾಗಿ ನಾಚಿಕೆಪಟ್ಟುಕೊಂಡು ಕೂತಿದ್ದಳು.

ಶ್ರಾವಣದ ಮೊದಲ ಭಾನುವಾರ, ೨೭ನೇ ತಾರೀಖು, ಮಧ್ಯಾಹ್ನ ಊಟಕ್ಕೆ ಬಾ. ಬಾಳೆಎಲೆ, ಹೋಳಿಗೆ, ಮದುವೆ ಊಟದಲ್ಲಿ ಏನೇನಿತ್ತೋ ಅಷ್ಟೂ. ನಂಬರು ತೆರೆದಿದೆ, ಫೋನ್ ಮಾಡಬಹುದಿತ್ತು. ಆದರೆ ಎಲ್ಲರೆದುರು ಬಾಯಲ್ಲಿ ಅಂದದ್ದನ್ನು ಕೈಯಲ್ಲಿ ಬರೆದು ವಾಪಸ್ ತೆಗೆದುಕೊಳ್ಳಬೇಕು ಎನಿಸಿತು. ತಪ್ಪು ನನ್ನದು. ಇದನ್ನು ಕಡತದಲ್ಲಿಡು.

ಶೀನ


ಓಕಳಿಪುರಂ
೧೮ ಜುಲೈ ೨೦೨೫

ಶೀನ,

ಬರುತ್ತೇವೆ. ಎರಡು ಎಲೆ ಹಾಕಿಸು. ಉಪ್ಪಿಟ್ಟಿಗೆ ಸಾಕ್ಷಿಯಾದವಳೂ ಬರುತ್ತಾಳೆ. ಕ್ಯಾಮೆರಾ ಎಲ್ಲಿಡುವುದೆಂದು ಕೇಳಿದ್ದಕ್ಕೆ ಬೀರುವಿನಲ್ಲಿ ಜಾಗವಿಲ್ಲ ಎಂದಳು. ಸುಳ್ಳು. ನಾನು ನೋಡಿದ್ದೇನೆ, ಆನೆ ಮಲಗುವಷ್ಟಿದೆ.

ನಿನ್ನೆ ಅಂಗಡಿಗೆ ಬಂದ ಒಂದು ಮಗು ಸ್ಟೂಲಿನ ಮೇಲೆ ಅಲ್ಲಾಡಿತು, ನಕ್ಕಿತು. ತೆಗೆದೆ. ಪಾಸ್‌ಪೋರ್ಟಿನವರು ಒಪ್ಪುವುದಿಲ್ಲ. ಅಮ್ಮ ಒಪ್ಪಿ ತೆಗೆದುಕೊಂಡು ಹೋದಳು.

ಇದರೊಂದಿಗೆ ಒಂದು ಫೋಟೋ ಇಟ್ಟಿದ್ದೇನೆ. ಕಮಿಟಿಗೆ ಕೊಟ್ಟದ್ದೇ ಇದು, ಆದರೆ ಅವರ ಪ್ರತಿಯಲ್ಲಿ ಹಕ್ಕಿಯ ಸುತ್ತ ಬಿಟ್ಟು ಮಿಕ್ಕದ್ದನ್ನು ಕತ್ತರಿಸಿದ್ದೆ. ಇದು ಇಡಿಯದು. ಹಕ್ಕಿ ನಟ್ಟನಡುವೆ ಇದೆ, ಕಣ್ಣಿನ ಮಿಂಚೂ ಕಾಣುತ್ತದೆ. ಅದರ ಎಡ ರೆಕ್ಕೆಯ ಕೆಳಗೆ, ದೂರದಲ್ಲಿ, ಗೇಟಿನ ಹತ್ತಿರ ನೋಡು. ಮುದುಕನೊಬ್ಬ ಎರಡೂ ಕೈಯೆತ್ತಿ, ಬಾಯಿ ಅಷ್ಟಗಲ ತೆರೆದು, ಯಾರದೋ ಮದುವೆ ಮಾಡಿಸುತ್ತಿದ್ದಾನೆ. ಸ್ವಲ್ಪ ಮಸುಕಾಗಿದ್ದಾನೆ. ಎರಡನ್ನೂ ಒಟ್ಟಿಗೆ ಸ್ಪಷ್ಟ ಮಾಡುವ ಲೆನ್ಸು ನನ್ನಲ್ಲಿಲ್ಲ.

ಆದರೆ ನೋಡು, ಈ ಸಲ ಹಕ್ಕಿಯ ಹಿಂದೆ ಹೋದಾಗ ಮನುಷ್ಯರು ಬಿಟ್ಟುಹೋಗಿಲ್ಲ.

ನಿನ್ನ,
ನರಸಿಂಹ